ಮಾತ್ರೆ ಡಬ್ಬಿಯೊಳಗಿನ ನೀರಗಂಟಿಗಳು

ಅಪ್ಪನ ಮಾತ್ರೆ ಡಬ್ಬಿಗೆ ಏಳು ಖಾನೆ. ವಾರದ ಒಂದೊಂದು ದಿನಕ್ಕೆ ಒಂದೊಂದು. ಭಾನುವಾರ ಸಂಜೆ ಅದನ್ನು ತುಂಬಿಸುವುದು ನನ್ನ ಕೆಲಸ. ಹೊಟ್ಟೆ ಉರಿಗೆ ಪ್ಯಾಂಟೋಪ್ರಜೋಲ್, ಕಾಲಿನ ಊತಕ್ಕೆ ಫ್ಯೂರೋಸೆಮೈಡ್, ಹೃದಯಕ್ಕೆ ಡಿಜಾಕ್ಸಿನ್, ಸಕ್ಕರೆ ಕಾಯಿಲೆಗೆ ಡಪಾಗ್ಲಿಫ್ಲೋಜಿನ್. ಇನ್ನೂ ಒಂದೆರಡಿವೆ, ಅವು ಈ ಕಥೆಗೆ ಬೇಡ.

ಒಂದು ಭಾನುವಾರ ಅಪ್ಪ ಪ್ಯಾಂಟೋಪ್ರಜೋಲ್ ಸ್ಟ್ರಿಪ್ ಕೈಗೆತ್ತಿಕೊಂಡು ಕೇಳಿದರು: "ಇದನ್ನ ತಿಂಡಿಗೆ ಅರ್ಧ ಗಂಟೆ ಮುಂಚೆ ತಗೋ ಅಂತಾರೆ. ಹೋಗೋದು ಅದೇ ಹೊಟ್ಟೆಗೆ ತಾನೇ? ಮುಂಚೆ ನುಂಗಿದ್ರೇನು, ಆಮೇಲೆ ನುಂಗಿದ್ರೇನು?" ಆಮೇಲೆ ಗೊತ್ತಾಯಿತು, ತಿಂಗಳುಗಟ್ಟಲೆ ಅವರು ಎಲ್ಲ ಮಾತ್ರೆಯನ್ನೂ ಇಡ್ಲಿ ತಿಂದಾದ ಮೇಲೆ ಒಟ್ಟಿಗೆ ನುಂಗುತ್ತಿದ್ದರು. ಬಯೋಕೆಮಿಸ್ಟ್ರಿ ಪಾಠ ಮಾಡಿ ಸಂಬಳ ತಗೊಳ್ಳುವ ನನಗೆ ಸ್ವಲ್ಪ ನಾಚಿಕೆಯೇ ಆಯಿತು.

ಉತ್ತರ ಹೇಳಲು ಹೊರಟಾಗ ಇನ್ನೊಂದು ವಿಷಯ ಹೊಳೆಯಿತು. ಆ ನಾಲ್ಕು ಮಾತ್ರೆಗಳನ್ನು ಬೇರೆ ಬೇರೆ ಕಾಯಿಲೆಗೆ ಬರೆದುಕೊಟ್ಟಿದ್ದಾರೆ. ಆದರೆ ಒಳಗೆ ಹೋಗಿ ನಾಲ್ಕೂ ಮಾಡುವುದು ಒಂದೇ ಥರದ ಕೆಲಸ. ಜೀವಕೋಶದ ಯಾವುದೋ ಒಂದು ಬಾಗಿಲನ್ನು ಹುಡುಕಿ ಹಿಡಿದುಕೊಳ್ಳುತ್ತವೆ, ಅಷ್ಟೇ. ನಮ್ಮ ತಾತ ಊರಿನ ನೀರಗಂಟಿಯಾಗಿದ್ದವರು. ಕೆರೆಯ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಅನ್ನುವುದೆಲ್ಲ ಅವರ ಕೈಯಲ್ಲಿತ್ತು. ಹಾಗಾಗಿ ಅಪ್ಪನಿಗೆ ಇದನ್ನು ಹೇಳಲು ನನಗೆ ಬೇರೆ ಹೋಲಿಕೆ ಬೇಕಾಗಲಿಲ್ಲ.

ಮೊದಲು ಗೋಡೆ. ನಮ್ಮ ಪ್ರತಿ ಜೀವಕೋಶದ ಸುತ್ತ ಒಂದು ಪೊರೆ ಇದೆ. ಅದು ಮುಖ್ಯವಾಗಿ ಕೊಬ್ಬಿನದು. ಬರೀ ಎರಡು ಅಣು ದಪ್ಪ. ಎರಡು ಸಾಲು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಹಾಗೆ. ಸಾರಿನ ಮೇಲೆ ತೇಲುವ ಒಗ್ಗರಣೆ ಎಣ್ಣೆಗೆ ಉಪ್ಪು ಹಿಡಿಯುವುದಿಲ್ಲ, ಅಲ್ವಾ? ಉಪ್ಪೆಲ್ಲ ಕೆಳಗಿನ ನೀರಲ್ಲೇ ಉಳಿಯುತ್ತದೆ. ಇಲ್ಲೂ ಹಾಗೇ. ಸೋಡಿಯಂ, ಪೊಟ್ಯಾಸಿಯಂ, ಗ್ಲೂಕೋಸ್ ಇವು ಯಾವುವೂ ಆ ಎಣ್ಣೆ ಪದರವನ್ನು ತಾವಾಗಿ ದಾಟಲಾರವು. ದಾಟಬೇಕಾದರೆ ಬಾಗಿಲು ಬೇಕು. ಆ ಬಾಗಿಲುಗಳೇ ಪೊರೆಯಲ್ಲಿ ಹುದುಗಿಕೊಂಡಿರುವ ಸಾಗಣೆ ಪ್ರೋಟೀನುಗಳು.

ಬಾಗಿಲುಗಳಲ್ಲಿ ಎರಡು ಜಾತಿ. ಒಂದು ತೂಬಿನಂಥದು. ಮುಚ್ಚಳ ಎತ್ತಿದರೆ ಸಾಕು, ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗೇ ಹರಿಯುತ್ತದೆ. ಇವನ್ನು ಚಾನೆಲ್ ಅನ್ನುತ್ತಾರೆ. ಇನ್ನೊಂದು ಏತದಂಥದು. ಏತದ ತುದಿಯ ಬಕೆಟ್ಟು ಕೆಳಗಿಳಿದಾಗ ಬಾವಿಯ ಕಡೆಗೆ ಬಾಯಿ ತೆರೆದಿರುತ್ತದೆ. ಮೇಲೆ ಬಂದಾಗ ಕಾಲುವೆಗೆ ಬಗ್ಗುತ್ತದೆ. ಒಂದೇ ಸಲ ಎರಡೂ ಕಡೆ ಇರಲಾರದು. ಸಾಗಣೆ ಪ್ರೋಟೀನೂ ಹೀಗೆಯೇ ಒಮ್ಮೆ ಹೊರಕ್ಕೆ, ಒಮ್ಮೆ ಒಳಕ್ಕೆ ಬಾಯಿ ತೆರೆಯುತ್ತದೆ ಎಂದು 1966ರಲ್ಲಿ ಓಲೆಗ್ ಯಾರ್ಡೆಟ್ಸ್ಕಿ ಎಂಬ ವಿಜ್ಞಾನಿ ಬರೆದರು. ಆಗ ಅಂಥ ಪ್ರೋಟೀನಿನ ಆಕಾರವನ್ನು ಯಾರೂ ಕಂಡಿರಲಿಲ್ಲ. ಬರೀ ತರ್ಕದ ಮೇಲೆ ಹೇಳಿದ ಮಾತು. ಆಮೇಲೆ ಆಕಾರಗಳು ಸಿಕ್ಕಾಗ ನೋಡಿದರೆ ಹಾಗೇ ಇತ್ತು.

ಏತ ತುಳಿಯಲು ಆಳು ಬೇಕು. ಇಳಿಜಾರಿಗೆ ಎದುರಾಗಿ ಎತ್ತುವ ಪಂಪುಗಳಿಗೂ ಶಕ್ತಿ ಬೇಕು. ಎಟಿಪಿ ಎಂಬ ಅಣು ಒಡೆದಾಗ ಆ ಶಕ್ತಿ ಸಿಗುತ್ತದೆ.

ಇವೆಲ್ಲಕ್ಕೂ ತಾಯಿ ಅನ್ನಬಹುದಾದ ಒಂದು ಪಂಪಿದೆ. ಅದು ಸಿಕ್ಕಿದ್ದು ಏಡಿಯ ಕಾಲಿನಲ್ಲಿ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದಲ್ಲಿ ಯೆನ್ಸ್ ಸ್ಕೌ ಎಂಬ ಡಾಕ್ಟರು ಮರಗಟ್ಟಿಸುವ ಇಂಜೆಕ್ಷನ್ ಹೇಗೆ ಕೆಲಸ ಮಾಡುತ್ತದೆ ಎಂದು ಹುಡುಕುತ್ತಿದ್ದರು. ಅದಕ್ಕೆ ಏಡಿಯ ಕಾಲಿನ ನರಗಳನ್ನು ಅರೆದು ನೋಡಿದರು. ಸೋಡಿಯಂ, ಪೊಟ್ಯಾಸಿಯಂ ಎರಡೂ ಇದ್ದಾಗ ಮಾತ್ರ ಚುರುಕಾಗಿ ಎಟಿಪಿ ಒಡೆಯುವ ಒಂದು ಕಿಣ್ವ ಅಲ್ಲಿ ಸಿಕ್ಕಿತು. 1957ರಲ್ಲಿ ಅದನ್ನು ಪ್ರಕಟಿಸಿದರು. ಇದೇ ಸೋಡಿಯಂ ಪಂಪು ಇರಬಹುದೇ ಎಂಬ ಅನುಮಾನವಿತ್ತು, ಖಾತ್ರಿ ಇರಲಿಲ್ಲ. ಮರುವರ್ಷ ವಿಯೆನ್ನಾದ ಒಂದು ಸಮ್ಮೇಳನದಲ್ಲಿ ಅಮೆರಿಕದ ರಾಬರ್ಟ್ ಪೋಸ್ಟ್ ಸಿಕ್ಕರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಔವಾಬೇನ್ ಹಾಕಿದರೆ ಆ ಕಿಣ್ವ ನಿಲ್ಲುತ್ತದೆಯೇ? ಔವಾಬೇನ್ ಅಂದರೆ ಆಫ್ರಿಕಾದಲ್ಲಿ ಬಾಣದ ತುದಿಗೆ ಹಚ್ಚುತ್ತಿದ್ದ ಗಿಡದ ವಿಷ. ಅದು ಸೋಡಿಯಂ ಸಾಗಣೆಯನ್ನು ನಿಲ್ಲಿಸುತ್ತದೆ ಅನ್ನುವುದು ಅಷ್ಟರಲ್ಲಿ ತಿಳಿದಿತ್ತು. ಸ್ಕೌ ಪ್ರಯೋಗ ಮಾಡಿಸಿದರು. ಕಿಣ್ವವೂ ನಿಂತಿತು. 1997ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಬಂತು.

ನನಗೆ ಈ ಕಥೆ ಇಷ್ಟವಾಗುವುದು ಅದರ ತಿರುವುಮುರುವಿಗೆ. ಬಾಗಿಲು ಗೊತ್ತಾದ ಮೇಲೆ ಔಷಧಿ ಹುಡುಕಿದ್ದಲ್ಲ. ಬಾಗಿಲಿಗೆ ಅಂಟುವ ವಿಷ ಮೊದಲೇ ಕೈಯಲ್ಲಿತ್ತು, ಅದನ್ನು ಹಿಡಿದುಕೊಂಡು ಬಾಗಿಲನ್ನು ಗುರುತಿಸಿದರು. ಈ ಕ್ಷೇತ್ರದಲ್ಲಿ ಹೀಗೆ ಎಷ್ಟೋ ಸಲ ಆಗಿದೆ.

ಈ ಪಂಪು ಒಂದು ಸುತ್ತಿಗೆ ಮೂರು ಸೋಡಿಯಂ ಹೊರಕ್ಕೆ ಹಾಕಿ ಎರಡು ಪೊಟ್ಯಾಸಿಯಂ ಒಳಕ್ಕೆ ತರುತ್ತದೆ. ನಾವು ಸುಮ್ನೆ ಕೂತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಇದೊಂದಕ್ಕೇ ಹೋಗುತ್ತದೆ. ಇದರಿಂದಾಗಿ ಕೋಶದ ಹೊರಗೆ ಯಾವಾಗಲೂ ಸೋಡಿಯಂ ತುಂಬಿದ ಕೆರೆ, ಒಳಗೆ ತಗ್ಗು. ಸೋಡಿಯಂ ಒಳಕ್ಕೆ ನುಗ್ಗಲು ಕಾದೇ ಇರುತ್ತದೆ. ಈ ತವಕವನ್ನು ಉಳಿದ ಹತ್ತಾರು ಬಾಗಿಲುಗಳು ಬಳಸಿಕೊಳ್ಳುತ್ತವೆ. ಸೋಡಿಯಂ ಬೈಕಿನ ಹಿಂದಿನ ಸೀಟಲ್ಲಿ ಸಕ್ಕರೆಯನ್ನು ಕೂರಿಸಿಕೊಂಡು ಬರುವ ಬಾಗಿಲೂ ಉಂಟು. ಅದರ ಮಾತು ಆಮೇಲೆ.

ಅಪ್ಪನ ಪ್ರಶ್ನೆಗೆ ಬರೋಣ. ಹೊಟ್ಟೆಯ ಒಳಗೋಡೆಯ ಕೆಲವು ಕೋಶಗಳಲ್ಲಿ ಈ ಸೋಡಿಯಂ ಪಂಪಿನ ಖಾಸಾ ದಾಯಾದಿಯೊಂದಿದೆ. ಅದು ಪೊಟ್ಯಾಸಿಯಂ ಒಳಕ್ಕೆ ತಗೊಂಡು ಆಮ್ಲದ ಕಣವನ್ನು, ಅಂದರೆ ಪ್ರೋಟಾನನ್ನು, ಹೊಟ್ಟೆಗೆ ಎತ್ತಿ ಸುರಿಯುತ್ತದೆ. ಇಂಗ್ಲಿಷಿನವರು ಪ್ರೋಟಾನ್ ಪಂಪ್ ಅನ್ನುವುದು ಇದನ್ನೇ. ರಕ್ತಕ್ಕೆ ಹೋಲಿಸಿದರೆ ಹೊಟ್ಟೆಯ ರಸದಲ್ಲಿ ಆಮ್ಲ 10 ಲಕ್ಷ ಪಟ್ಟಿಗೂ ಜಾಸ್ತಿ. ಅಷ್ಟು ಎತ್ತರಕ್ಕೆ ಎತ್ತುವ ಏತ ದೇಹದಲ್ಲಿ ಬೇರೆ ಇಲ್ಲ.

ಈ ಪಂಪನ್ನು ಹಿಡಿಯುವ ಮೊದಲ ಮಾತ್ರೆ ಒಮೆಪ್ರಜೋಲ್. ಸ್ವೀಡನ್ನಿನ ಆಸ್ಟ್ರಾ ಕಂಪನಿ ಅದನ್ನು 1988ರಲ್ಲಿ ಮಾರುಕಟ್ಟೆಗೆ ತಂದಿತು. ಪ್ಯಾಂಟೋಪ್ರಜೋಲ್ ಅದರ ತಮ್ಮ. ಅದರ ಪ್ರಯಾಣವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮಾತ್ರೆಯ ಮೇಲೆ ಒಂದು ಲೇಪವಿದೆ. ಅದು ಹೊಟ್ಟೆಯಲ್ಲಿ ಕರಗುವುದಿಲ್ಲ, ಸಣ್ಣ ಕರುಳಿಗೆ ಹೋದ ಮೇಲೆಯೇ ಕರಗುವುದು. ಅಲ್ಲಿಂದ ಔಷಧಿ ರಕ್ತಕ್ಕೆ ಸೇರುತ್ತದೆ. ರಕ್ತ ಸುತ್ತಿಕೊಂಡು ಮತ್ತೆ ಹೊಟ್ಟೆಯ ಗೋಡೆಗೆ, ಈ ಸಲ ಹಿಂಬಾಗಿಲಿನಿಂದ ತಲುಪುತ್ತದೆ. ಇಲ್ಲಿಯವರೆಗೆ ಅದು ನಿದ್ದೆಯಲ್ಲಿದ್ದ ಹಾಗೆ, ಯಾರಿಗೂ ಅಂಟುವುದಿಲ್ಲ. ಆಮ್ಲ ಉಕ್ಕುತ್ತಿರುವ ಜಾಗಕ್ಕೆ ಬಂದಾಗ ಮಾತ್ರ ಅದೇ ಆಮ್ಲ ತಗಲಿ ರೂಪ ಬದಲಾಯಿಸುತ್ತದೆ. ಬದಲಾದ ಮೇಲೆ ವಾಪಸ್ಸು ಹೋಗಲು ಆಗುವುದಿಲ್ಲ. ಅಲ್ಲೇ ಪಕ್ಕದಲ್ಲಿರುವ ಪಂಪಿನ ಗಂಧಕದ ಕೊಂಡಿಯೊಂದಕ್ಕೆ ಕಚ್ಚಿಕೊಳ್ಳುತ್ತದೆ. ಆ ಪಂಪಿನ ಕಥೆ ಮುಗಿಯಿತು. ಕೋಶ ಹೊಸ ಪಂಪು ಮಾಡಿಕೊಳ್ಳಬೇಕು. ಹಾಗಾಗಿಯೇ ರಕ್ತದಿಂದ ಈ ಔಷಧಿ ಕೆಲವೇ ಗಂಟೆಯಲ್ಲಿ ಮಾಯವಾದರೂ ಅದರ ಕೆಲಸ ದಿನವಿಡೀ ಉಳಿಯುತ್ತದೆ.

ಅಂದರೆ ಸುಮ್ಮನಿರುವ ಪಂಪಿಗೆ ಈ ಮಾತ್ರೆ ಏನೂ ಮಾಡಲಾರದು. ಪಂಪು ಆಮ್ಲ ಸುರಿಯುತ್ತಿರಬೇಕು, ಆಗಲೇ ಔಷಧಿ ಎಚ್ಚರಾಗುವುದು. ರಾತ್ರಿ ಪೂರ್ತಿ ಬಹಳಷ್ಟು ಪಂಪುಗಳು ಕೋಶದ ಒಳಗೆ ಮುದುರಿಕೊಂಡು ಮಲಗಿರುತ್ತವೆ. ತಿಂಡಿ ಬಾಯಿಗೆ ಬಿದ್ದ ಮೇಲೆ ಸಾಲಾಗಿ ಮೇಲೆ ಬಂದು ಕೆಲಸಕ್ಕೆ ನಿಲ್ಲುತ್ತವೆ. ಅಷ್ಟು ಹೊತ್ತಿಗೆ ಔಷಧಿ ರಕ್ತದಲ್ಲಿ ಸಿದ್ಧವಾಗಿರಬೇಕು. ಅದಕ್ಕೇ ಅರ್ಧ ಗಂಟೆ ಮುಂಚೆ. ತಿಂಡಿ ಆದಮೇಲೆ ನುಂಗಿದರೆ ಮಾತ್ರೆ ಕರುಳಿಗೆ ತಲುಪುವುದೇ ತಡವಾಗುತ್ತದೆ. ರಕ್ತಕ್ಕೆ ಬರುವಷ್ಟರಲ್ಲಿ ಪಂಪುಗಳು ಪಾಳಿ ಮುಗಿಸಿ ಹೊರಟಿರುತ್ತವೆ. ಮೊದಲ ದಿನವೇ ಪೂರ್ತಿ ಗುಣ ಕಾಣದೆ ಮೂರ್ನಾಲ್ಕು ದಿನ ಬೇಕಾಗುವುದೂ ಇದರಿಂದಲೇ. ಒಂದೊಂದು ದಿನ ಒಂದಷ್ಟು ಪಂಪು ಸಿಕ್ಕಿಬೀಳುತ್ತವೆ.

ಈಗ ಡಿಜಾಕ್ಸಿನ್. ಇದು ಹಿಡಿಯುವುದು ಏಡಿಯ ಕಾಲಲ್ಲಿ ಸಿಕ್ಕಿದ ಅದೇ ಸೋಡಿಯಂ ಪಂಪನ್ನು. ಇದರ ಮೂಲ ಫಾಕ್ಸ್‌ಗ್ಲೋವ್ ಎಂಬ ಹೂವಿನ ಗಿಡದ ಕುಲ. ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಎಂಬ ವೈದ್ಯರು ಮೈ ಊದಿಕೊಂಡ ರೋಗಿಗಳಿಗೆ ಆ ಗಿಡದ ಎಲೆ ಕೊಟ್ಟು, ಏನೇನಾಯಿತು ಎಂದು 1785ರಲ್ಲಿ ಬರೆದಿಟ್ಟರು. ಹೃದಯದ ಕೋಶದಲ್ಲಿ ಈ ಪಂಪನ್ನು ಸ್ವಲ್ಪ ತಡೆದರೆ ಒಳಗೆ ಸೋಡಿಯಂ ಉಳಿದುಕೊಳ್ಳುತ್ತದೆ. ಆಗ ಸೋಡಿಯಂ ಒಳಗೆ ಬರುವ ತವಕ ತಗ್ಗುತ್ತದೆ. ಆ ತವಕವನ್ನೇ ನಂಬಿಕೊಂಡು ಕ್ಯಾಲ್ಸಿಯಂ ಹೊರಹಾಕುತ್ತಿದ್ದ ಇನ್ನೊಂದು ಬಾಗಿಲು ನಿಧಾನವಾಗುತ್ತದೆ. ಕ್ಯಾಲ್ಸಿಯಂ ಒಳಗೇ ಉಳಿದು ಹೃದಯದ ಸ್ನಾಯು ಗಟ್ಟಿಯಾಗಿ ಹಿಂಡುತ್ತದೆ. ಎಲ್ಲೋ ಒಂದು ತೂಬು ಮುಚ್ಚಿದ್ದಕ್ಕೆ ಮೂರನೆಯವನ ಗದ್ದೆಗೆ ನೀರು ಬಂದ ಹಾಗೆ.

ತೊಂದರೆ ಏನೆಂದರೆ, ಈ ಪಂಪು ಹೃದಯದಲ್ಲಿ ಮಾತ್ರ ಇಲ್ಲ. ದೇಹದ ಹೆಚ್ಚುಕಡಿಮೆ ಎಲ್ಲ ಕೋಶದಲ್ಲೂ ಇದೆ. ಹಾಗಾಗಿ ಡಿಜಾಕ್ಸಿನ್ ಗುಣ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವೆ ಜಾಗ ತುಂಬಾ ಕಡಿಮೆ. ಒಂದು ಮಿಲಿಲೀಟರ್ ರಕ್ತದಲ್ಲಿ 1 ನ್ಯಾನೋಗ್ರಾಂ ಆಸುಪಾಸು ಇದ್ದರೆ ಔಷಧಿ. 2 ದಾಟಿದರೆ ವಾಕರಿಕೆ, ಕಣ್ಣಿಗೆ ಹಳದಿ ಹಳದಿ ಕಾಣುವುದು, ಹೃದಯದ ಬಡಿತ ತಪ್ಪುವುದು. ನಮ್ಮ ಬೇಲಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಬೆಳೆಯುವ ಕಣಗಿಲೆಯ ವಿಷವೂ ಇದೇ ಪಂಪಿಗೇ ಅಂಟುತ್ತದೆ. ಎಕ್ಕದ ಹಾಲಿನಲ್ಲೂ ಇದೇ ಜಾತಿಯ ವಸ್ತುಗಳಿವೆ. ಶ್ರೀಲಂಕಾದ ವೈದ್ಯರು ಹಳದಿ ಕಣಗಿಲೆ ಬೀಜದ ವಿಷ ಏರಿದವರಿಗೆ ಡಿಜಾಕ್ಸಿನ್ ವಿರುದ್ಧ ತಯಾರಿಸಿದ್ದ ಪ್ರತಿವಿಷವನ್ನೇ ಕೊಟ್ಟು ನೋಡಿದರು. ಅದು ಕೆಲಸ ಮಾಡಿತು. ಆ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಬೇರೆ ಖಂಡದ ಬೇರೆ ಗಿಡ, ಆದರೆ ವಿಷದ ಅಚ್ಚು ಹೆಚ್ಚುಕಡಿಮೆ ಒಂದೇ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಟ್ಟೆಯ ಪಂಪು, ಸೋಡಿಯಂ ಪಂಪು ಎರಡೂ ಒಂದೇ ಮನೆತನದವು. ಒಂದನ್ನು ಹಿಡಿಯುವ ಮಾತ್ರೆಯನ್ನು ಲಕ್ಷಾಂತರ ಜನ ದಿನಾ ನುಂಗುತ್ತಾರೆ. ಡಾಕ್ಟರನ್ನು ಕೇಳದೆ ವರ್ಷಗಟ್ಟಲೆ ನುಂಗುವವರೂ ಇದ್ದಾರೆ, ಅದು ತಪ್ಪು, ಆ ಮಾತು ಬೇರೆ. ಇನ್ನೊಂದನ್ನು ಹಿಡಿಯುವ ಮಾತ್ರೆಗೆ ಮೈಕ್ರೋಗ್ರಾಂ ಲೆಕ್ಕ. ಯಾಕೆ? ಒಂದು ಬಾಗಿಲು ಒಂದೇ ಕಡೆ ಇದೆ, ಇನ್ನೊಂದು ಊರೆಲ್ಲ ಇದೆ. ಮಾತ್ರೆ ಎಷ್ಟು ಬಲವಾಗಿ ಬಾಗಿಲನ್ನು ಹಿಡಿಯುತ್ತದೆ ಅನ್ನುವುದನ್ನು ಎಲ್ಲರೂ ಕೇಳುತ್ತಾರೆ. ನಾನು ಕ್ಲಾಸಿನಲ್ಲಿ ಮೊದಲು ಕೇಳಿಸುವುದು, ಆ ಬಾಗಿಲು ಇನ್ನೆಲ್ಲೆಲ್ಲಿದೆ ಅನ್ನುವುದನ್ನು.

ಫ್ಯೂರೋಸೆಮೈಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲ್ಯಾಸಿಕ್ಸ್ ಅಂದರೆ ಹೆಚ್ಚು ಜನಕ್ಕೆ ಗೊತ್ತಾಗುತ್ತದೆ. ಅದು ನುಂಗಿದ ಬೆಳಗ್ಗೆ ಅಪ್ಪ ಬಸ್ಸು ಹತ್ತುವುದಿಲ್ಲ. ಮೂತ್ರಪಿಂಡದಲ್ಲಿ ಸೋಸಿದ ನೀರು ಕೊಳವೆಯಲ್ಲಿ ಹರಿಯುವಾಗ ಒಂದು ಬಾಗಿಲು ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡ್ ಒಟ್ಟಿಗೆ ವಾಪಸ್ಸು ಎಳೆದುಕೊಳ್ಳುತ್ತದೆ. ಈ ಮಾತ್ರೆ ಅದನ್ನು ತಡೆಯುತ್ತದೆ. ಉಪ್ಪು ಹೊರಟಿತು, ಹಿಂದೆಯೇ ನೀರೂ ಹೊರಟಿತು, ಕಾಲಿನ ಊತ ಇಳಿಯಿತು. ಮಜಾ ಏನೆಂದರೆ, ಈ ಔಷಧಿ ಬಾಗಿಲನ್ನು ಹಿಡಿಯುವುದು ಮೂತ್ರದ ಕಡೆಯಿಂದ. ಆ ಕಡೆಗೆ ಅದನ್ನು ದಾಟಿಸುವುದು ಇನ್ನೊಂದು ಸಾಗಣೆ ಪ್ರೋಟೀನು. ಬಾಗಿಲು ಮುಚ್ಚಲು ಹೋಗುವವನಿಗೂ ಒಂದು ಬಾಗಿಲು ಬೇಕು.

ಇಲ್ಲಿ ಒಂದು ಎಚ್ಚರಿಕೆ ಇದೆ, ಅದನ್ನು ನಾನು ಪಠ್ಯದಲ್ಲಿ ಓದಿದ್ದರೂ ಅಪ್ಪನ ಡಬ್ಬಿ ನೋಡಿದ ಮೇಲೆಯೇ ಮನಸ್ಸಿಗೆ ಇಳಿದದ್ದು. ಫ್ಯೂರೋಸೆಮೈಡ್ ಇಂದ ಪೊಟ್ಯಾಸಿಯಮ್ಮೂ ಮೂತ್ರದಲ್ಲಿ ಹೋಗುತ್ತದೆ. ಸೋಡಿಯಂ ಪಂಪಿನ ಹೊರಬಾಯಿಯಲ್ಲಿ ಪೊಟ್ಯಾಸಿಯಂ ಮತ್ತು ಡಿಜಾಕ್ಸಿನ್ ನಡುವೆ ಪೈಪೋಟಿ. ಪೊಟ್ಯಾಸಿಯಂ ಕಡಿಮೆಯಾದರೆ ಡಿಜಾಕ್ಸಿನ್ ಇನ್ನೂ ಬಿಗಿಯಾಗಿ ಕೂರುತ್ತದೆ. ಮಾತ್ರೆಯ ಪ್ರಮಾಣ ಅಷ್ಟೇ ಇದ್ದರೂ ಅದು ವಿಷವಾಗಬಹುದು. ಡಾಕ್ಟರು ಪದೇ ಪದೇ ಪೊಟ್ಯಾಸಿಯಂ ಟೆಸ್ಟ್ ಬರೆಯುವಾಗ "ದುಡ್ಡು ಕೀಳೋಕೆ" ಎಂದು ಗೊಣಗುತ್ತಿದ್ದ ಅಪ್ಪ ಇದನ್ನು ಕೇಳಿದ ಮೇಲೆ ಗೊಣಗುವುದು ಬಿಟ್ಟರು. ಪೂರ್ತಿ ಬಿಟ್ಟಿಲ್ಲ, ಕಡಿಮೆ ಮಾಡಿದ್ದಾರೆ.

ನಾಲ್ಕನೆಯದು ಡಪಾಗ್ಲಿಫ್ಲೋಜಿನ್. ಇದರ ಕಥೆ ಹೇಳಲು ಮೊದಲು ಒಆರ್‌ಎಸ್ ಪೊಟ್ಟಣದ ಹತ್ತಿರ ಹೋಗಬೇಕು.

ಸೋಡಿಯಂ ಬೈಕಿನ ಹಿಂದೆ ಸಕ್ಕರೆ ಕೂತು ಬರುವ ಬಾಗಿಲು ಎಂದೆನಲ್ಲ, ಅದರ ಹೆಸರು ಎಸ್‌ಜಿಎಲ್‌ಟಿ1. ಇರುವುದು ಮುಖ್ಯವಾಗಿ ಸಣ್ಣ ಕರುಳಿನಲ್ಲಿ. ಸೋಡಿಯಂ ಜೊತೆ ಕೈಹಿಡಿದು ಸಕ್ಕರೆ ಒಳಗೆ ಬರುತ್ತದೆ ಎಂಬ ಮಾತನ್ನು ಅಮೆರಿಕದ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮುಂದಿಟ್ಟರು. ಕಾಲರಾ ಬಂದಾಗ ಏನಾಗುತ್ತದೆ ನೋಡಿ. ಕಾಲರಾ ವಿಷ ಕರುಳಿನ ಇನ್ನೊಂದು ತೂಬನ್ನು, ಸಿಎಫ್‌ಟಿಆರ್ ಎಂಬ ಕ್ಲೋರೈಡ್ ಚಾನೆಲನ್ನು, ತೆರೆದೇ ಇಡುವಂತೆ ಮಾಡುತ್ತದೆ. ಉಪ್ಪು ನೀರು ಎಗ್ಗಿಲ್ಲದೆ ಸುರಿದು ಹೋಗುತ್ತದೆ. ಆದರೆ ಎಸ್‌ಜಿಎಲ್‌ಟಿ1ಗೆ ಏನೂ ಆಗಿರುವುದಿಲ್ಲ. ಬರೀ ಉಪ್ಪು ನೀರು ಕುಡಿಸಿದರೆ ಉಪಯೋಗ ಅಷ್ಟಕ್ಕಷ್ಟೇ. ಜೊತೆಗೆ ಸಕ್ಕರೆ ಇದ್ದರೆ ಆ ಬಾಗಿಲು ಸೋಡಿಯಮ್ಮನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಹಿಂದೆಯೇ ನೀರೂ ಬರುತ್ತದೆ. ಒಆರ್‌ಎಸ್‌ನಲ್ಲಿ ಸಕ್ಕರೆ ಹಾಕುವುದು ರುಚಿಗಲ್ಲ, ಬಲಕ್ಕೂ ಅಲ್ಲ. ಅದು ಬಾಗಿಲ ಕೀಲಿ.

1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಗಡಿ ಊರು ಬನ್‌ಗಾಂವ್ ನಿರಾಶ್ರಿತರಿಂದ ತುಂಬಿತ್ತು. ಕಾಲರಾ ಹಬ್ಬಿತ್ತು, ಡ್ರಿಪ್ ಬಾಟಲಿ ಸಾಲುತ್ತಿರಲಿಲ್ಲ. ಡಾಕ್ಟರ್ ದಿಲೀಪ್ ಮಹಲನಾಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಪೊಟ್ಟಣ ಕಟ್ಟಿಸಿ ನೀರಲ್ಲಿ ಕಲಸಿ ಡ್ರಮ್ಮುಗಳಲ್ಲಿ ಇಡಿಸಿದರು. ಮನೆಯವರೇ ಲೋಟದಲ್ಲಿ ಕುಡಿಸುತ್ತಾ ಹೋದರು. ಸಾವಿನ ಪ್ರಮಾಣ ಸುಮಾರು ಶೇ. 30ರಿಂದ ಶೇ. 3.6ಕ್ಕೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ. ಇಂದಿನ ಒಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು. ಅದರಲ್ಲಿರುವ ಸಿಟ್ರೇಟಿನ ಸೋಡಿಯಮ್ಮನ್ನೂ ಸೇರಿಸಿ, ತೂಕದ ಬದಲು ಕಣಗಳ ಲೆಕ್ಕ ಹಾಕಿದರೆ ಗ್ಲೂಕೋಸ್ ಮತ್ತು ಸೋಡಿಯಂ ಸಮಸಮ ಬರುವಂತೆ ಹೊಂದಿಸಿದ್ದಾರೆ. ಸಕ್ಕರೆ ಜಾಸ್ತಿಯಾದರೆ ಅದೇ ಕರುಳಿಗೆ ನೀರನ್ನು ಎಳೆದು ಭೇದಿ ಹೆಚ್ಚಿಸುತ್ತದೆ. ಭೇದಿಗೆ ಕೂಲ್‌ಡ್ರಿಂಕ್ಸ್ ಕುಡಿಸಬಾರದು ಎನ್ನುವುದು ಇದಕ್ಕೇ. ಉಪ್ಪು ಹಾಕಿದ ಅಕ್ಕಿ ಗಂಜಿ ಮಾತ್ರ ಒಳ್ಳೆಯದೇ. ಅಕ್ಕಿಯ ಪಿಷ್ಟ ಕರುಳಲ್ಲಿ ನಿಧಾನವಾಗಿ ಒಡೆದು ಗ್ಲೂಕೋಸ್ ಆಗುತ್ತದೆ.

ಈ ಬಾಗಿಲಿಗೆ ಮೂತ್ರಪಿಂಡದಲ್ಲಿ ಒಬ್ಬ ತಮ್ಮನಿದ್ದಾನೆ. ಎಸ್‌ಜಿಎಲ್‌ಟಿ2. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರಲ್ಲಿ ಹೆಚ್ಚುಕಡಿಮೆ 180 ಗ್ರಾಂ ಗ್ಲೂಕೋಸ್ ಇರುತ್ತದೆ. ಅದೆಲ್ಲ ಮೂತ್ರದಲ್ಲಿ ಹೋದರೆ ಹೇಗೆ? ಸುಮಾರು ಶೇ. 90ರಷ್ಟನ್ನು ಎಸ್‌ಜಿಎಲ್‌ಟಿ2 ವಾಪಸ್ಸು ಎಳೆದುಕೊಳ್ಳುತ್ತದೆ. ಉಳಿದದ್ದನ್ನು ಮುಂದೆ ನಿಂತಿರುವ ಎಸ್‌ಜಿಎಲ್‌ಟಿ1 ಬಾಚಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇದ್ದರೂ ಈ ಬಾಗಿಲು ತನ್ನ ಕೆಲಸ ಬಿಡುವುದಿಲ್ಲ. ಮನೆ ತುಂಬಿ ತುಳುಕುತ್ತಿದ್ದರೂ ಸಕ್ಕರೆಯನ್ನು ಒಳಗೇ ಎಳೆದು ಹಾಕುತ್ತಿರುತ್ತದೆ.

ಇದನ್ನು ಹಿಡಿಯುವ ವಸ್ತುವೂ ಬಾಗಿಲಿಗಿಂತ ಮೊದಲೇ ಸಿಕ್ಕಿತ್ತು. 1835ರಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೋರಿಜಿನ್ ಎಂಬ ಕಹಿ ಪುಡಿ ತೆಗೆದರು. ಸಿಂಕೋನಾ ತೊಗಟೆಯೂ ಕಹಿ, ಜ್ವರಕ್ಕೆ ಮದ್ದು. ಇದೂ ಕಹಿ, ಹಾಗಾದರೆ ಇದೂ ಜ್ವರದ ಮದ್ದಿರಬೇಕು ಎಂದುಕೊಂಡರು. ಜ್ವರಕ್ಕೆ ಬರಲಿಲ್ಲ. ಆದರೆ 1886ರಲ್ಲಿ ಜರ್ಮನಿಯ ಯೋಸೆಫ್ ಫಾನ್ ಮೆರಿಂಗ್ ಇದನ್ನು ಕೊಟ್ಟಾಗ ಮೂತ್ರದಲ್ಲಿ ಸಕ್ಕರೆ ಬಂತು. ಆಗಿನವರು ಇದನ್ನು ಸಕ್ಕರೆ ಕಾಯಿಲೆಯನ್ನೇ ಹುಟ್ಟಿಸುವ ವಸ್ತು ಎಂದು ನೋಡಿದರು. ಅದೇ ಗುಣ ಕಾಯಿಲೆಗೆ ಮದ್ದಾಗಬಹುದೆಂದು ಗೊತ್ತಾಗಲು ನೂರು ವರ್ಷ ಬೇಕಾಯಿತು. 1987ರಲ್ಲಿ ಸಕ್ಕರೆ ಕಾಯಿಲೆಯ ಇಲಿಗಳಿಗೆ ಫ್ಲೋರಿಜಿನ್ ಕೊಟ್ಟಾಗ ಅವುಗಳ ರಕ್ತದ ಸಕ್ಕರೆ ಸರಿಹೋಯಿತು.

ಹಾಗಂತ ಫ್ಲೋರಿಜಿನ್ ಮಾತ್ರೆಯಾಗಲಿಲ್ಲ. ಕರುಳಲ್ಲೇ ಒಡೆದು ಹೋಗುತ್ತದೆ. ಜೊತೆಗೆ ಅಣ್ಣ ತಮ್ಮ ಇಬ್ಬರನ್ನೂ ಹಿಡಿಯುತ್ತದೆ. ಕರುಳಿನ ಅಣ್ಣನನ್ನು ಹಿಡಿದರೆ ಭೇದಿ. ಇಬ್ಬರಲ್ಲಿ ಯಾರನ್ನು ಹಿಡಿಯಬಹುದು, ಯಾರನ್ನು ಮುಟ್ಟಬಾರದು ಅನ್ನುವುದಕ್ಕೆ ಪ್ರಕೃತಿಯೇ ಉತ್ತರ ಕೊಟ್ಟಿತ್ತು. ಹುಟ್ಟಿನಿಂದ ಎಸ್‌ಜಿಎಲ್‌ಟಿ1 ಕೆಟ್ಟಿರುವ ಮಕ್ಕಳಿಗೆ ತಾಯಿಹಾಲೂ ದಕ್ಕುವುದಿಲ್ಲ. ಜೀವಕ್ಕೇ ಕುತ್ತು ತರುವ ಭೇದಿ ಆಗುತ್ತದೆ. ಎಸ್‌ಜಿಎಲ್‌ಟಿ2 ಕೆಟ್ಟಿರುವವರು ಮಾತ್ರ ಬದುಕಿಡೀ ಮೂತ್ರದಲ್ಲಿ ಸಕ್ಕರೆ ಕಳೆದುಕೊಂಡೂ ಹೆಚ್ಚಿನವರು ಆರಾಮಾಗಿರುತ್ತಾರೆ. ಹಾಗಾಗಿ ಔಷಧಿ ಮಾಡುವವರು ತಮ್ಮನನ್ನೇ ಹಿಡಿಯುವ ಅಣುವನ್ನು ಕಟ್ಟಿದರು. ಡಪಾಗ್ಲಿಫ್ಲೋಜಿನ್ ಎಸ್‌ಜಿಎಲ್‌ಟಿ1ಗಿಂತ ಎಸ್‌ಜಿಎಲ್‌ಟಿ2ಗೆ ಸಾವಿರ ಪಟ್ಟಿಗೂ ಜಾಸ್ತಿ ಬಿಗಿಯಾಗಿ ಕೂರುತ್ತದೆ.

ಅಪ್ಪ ಇದನ್ನು ಶುರುಮಾಡಿದ ಹೊಸದರಲ್ಲಿ ಒಂದು ಗಾಬರಿ ಆಯಿತು. ಮೂತ್ರ ಪರೀಕ್ಷೆಯ ರಿಪೋರ್ಟಿನಲ್ಲಿ ಸಕ್ಕರೆ ಎದುರು ನಾಲ್ಕು ಪ್ಲಸ್. ಲ್ಯಾಬಿನ ಹುಡುಗ "ಅಂಕಲ್, ಶುಗರ್ ಸಿಕ್ಕಾಪಟ್ಟೆ ಇದೆ" ಎಂದು ಹೆದರಿಸಿ ಕಳಿಸಿದ್ದ. ಅಪ್ಪ ಆ ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದರು. ಬೆಳಗ್ಗೆ ನೋಡಿದರೆ ರಕ್ತದ ಸಕ್ಕರೆ ಚೆನ್ನಾಗೇ ಇತ್ತು. ಈ ಮಾತ್ರೆ ತಗೊಳ್ಳುವವರ ಮೂತ್ರದಲ್ಲಿ ದಿನಕ್ಕೆ ಸುಮಾರು 70 ಗ್ರಾಂ ಗ್ಲೂಕೋಸ್ ಹೋಗಬಹುದು. ಪ್ಲಸ್ ಬಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ. ಇದರ ಕಿರಿಕಿರಿಯೂ ಇಲ್ಲಿಂದಲೇ. ಸಕ್ಕರೆ ಇರುವ ಕಡೆ ಶಿಲೀಂಧ್ರ ಬೆಳೆಯುತ್ತದೆ, ಮೂತ್ರ ಹೋಗುವ ಜಾಗದಲ್ಲಿ ತುರಿಕೆ ಬರಬಹುದು. ಅಪರೂಪಕ್ಕೆ ರಕ್ತದ ಸಕ್ಕರೆ ಸರಿಯಿದ್ದರೂ ಕೊಬ್ಬು ಒಡೆದಾಗ ಹುಟ್ಟುವ ಕೀಟೋನ್ ಎಂಬ ವಸ್ತು ರಕ್ತದಲ್ಲಿ ಏರಿ ಅಪಾಯವಾಗಬಹುದು. ಆಪರೇಷನ್ನಿಗೆ ಕೆಲವು ದಿನ ಮೊದಲೇ ಇದನ್ನು ನಿಲ್ಲಿಸಲು ಹೇಳುವುದು ಅದಕ್ಕೇ.

2015ರಲ್ಲಿ ಇದೇ ಗುಂಪಿನ ಎಂಪಾಗ್ಲಿಫ್ಲೋಜಿನ್ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಹೃದ್ರೋಗವೂ ಇದ್ದ ಸಕ್ಕರೆ ಕಾಯಿಲೆಯವರಲ್ಲಿ ಹೃದಯ, ರಕ್ತನಾಳದ ಕಾರಣದ ಸಾವು ಶೇ. 38ರಷ್ಟು ಕಡಿಮೆಯಾಗಿತ್ತು. 2019ರಲ್ಲಿ ಡಪಾಗ್ಲಿಫ್ಲೋಜಿನ್ ಸಕ್ಕರೆ ಕಾಯಿಲೆಯೇ ಇಲ್ಲದ ಹೃದಯ ವೈಫಲ್ಯದವರಿಗೂ ಉಪಯೋಗಕ್ಕೆ ಬಂತು. ಮೂತ್ರಪಿಂಡದ ಒಂದು ತೂಬು ಮುಚ್ಚಿದರೆ ಹೃದಯಕ್ಕೆ ಯಾಕೆ ಇಷ್ಟು ಒಳ್ಳೆಯದಾಗುತ್ತದೆ ಎಂಬ ಬಗ್ಗೆ ತಜ್ಞರ ವಾದ ಇನ್ನೂ ಮುಗಿದಿಲ್ಲ. ನಮ್ಮ ಜೇಬಿಗೆ ಮುಖ್ಯವಾದ ಮಾತು ಬೇರೆ: ಭಾರತದಲ್ಲಿ ಡಪಾಗ್ಲಿಫ್ಲೋಜಿನ್ನಿನ ಮೊದಲ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರ ಮಾರ್ಚಿನಲ್ಲಿ ಮುಗಿಯಿತು. ಎರಡು ಸಲವೂ ದೇಶಿ ಕಂಪನಿಗಳು ಸಾಲುಗಟ್ಟಿ ಬಂದವು, ಬೆಲೆ ಧೊಪ್ಪನೆ ಇಳಿಯಿತು.

ಎಲ್ಲ ಔಷಧಿಯೂ ಬಾಗಿಲು ಮುಚ್ಚುವುದೇ ಎಂದುಕೊಳ್ಳಬೇಡಿ. ಕಾಲರಾದಲ್ಲಿ ತೆರೆದುಕೊಂಡೇ ಇರುವ ಸಿಎಫ್‌ಟಿಆರ್ ತೂಬು ಇದೆಯಲ್ಲ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟು ಕಾಯಿಲೆಯಲ್ಲಿ ಅದೇ ತೂಬು ಕೆಟ್ಟಿರುತ್ತದೆ, ಕೆಲವರಲ್ಲಿ ಇದ್ದರೂ ಸರಿಯಾಗಿ ತೆರೆಯುವುದಿಲ್ಲ. ಶ್ವಾಸಕೋಶದಲ್ಲಿ ಕಫ ಅಂಟಂಟಾಗಿ ಕಟ್ಟಿಕೊಳ್ಳುತ್ತದೆ. 2012ರಲ್ಲಿ ಬಂದ ಐವಾಕಾಫ್ಟರ್ ಅಂಥ ಕೆಲವರಲ್ಲಿ ಆ ಮುಚ್ಚಳವನ್ನು ಎತ್ತಿ ಹಿಡಿಯುವ ಮಾತ್ರೆ.

ಇನ್ನು ಕೆಲವು ಬಾಗಿಲುಗಳು ಔಷಧಿಯನ್ನೇ ಹೊರದಬ್ಬುತ್ತವೆ. ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪನ್ನು 1976ರಲ್ಲಿ ಜೂಲಿಯಾನೋ ಮತ್ತು ಲಿಂಗ್ ಎಂಬ ವಿಜ್ಞಾನಿಗಳು ಗುರುತಿಸಿದರು, ಔಷಧಿಗೆ ಬಗ್ಗದೆ ಹೋದ ಕೋಶಗಳಲ್ಲಿ. ಕ್ಯಾನ್ಸರ್ ಕೋಶ ಇದನ್ನು ಜಾಸ್ತಿ ಮಾಡಿಕೊಂಡರೆ ಕೊಟ್ಟ ಕೀಮೋ ಔಷಧಿಯನ್ನು ಎತ್ತಿ ಆಚೆ ಹಾಕುತ್ತದೆ. ಇದನ್ನು ತಡೆಯುವ ಔಷಧಿ ಮಾಡಲು ದಶಕಗಟ್ಟಲೆ ಒದ್ದಾಡಿದರು, ಕೈಗೂಡಲಿಲ್ಲ. ಕಾರಣ ಮತ್ತೆ ಅದೇ, ಬಾಗಿಲು ಇರುವ ಜಾಗ. ಇದೇ ಪಂಪು ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಕಾವಲು ನಿಂತಿದೆ. ಭೇದಿ ನಿಲ್ಲಿಸಲು ಕೊಡುವ ಲೋಪೆರಮೈಡ್ ಅಫೀಮಿನ ಜಾತಿಯದು. ಆದರೂ ಹೇಳಿದ ಪ್ರಮಾಣದಲ್ಲಿ ತಗೊಂಡರೆ ಅಮಲು ಏರುವುದಿಲ್ಲ. ಈ ಕಾವಲುಗಾರ ಅದನ್ನು ಮಿದುಳಿಗೆ ಬಿಡುವುದಿಲ್ಲ. ಕುರಿ ಕಾಯುವ ‘ಕಾಲಿ’ (collie) ಜಾತಿಯ ಎಷ್ಟೋ ನಾಯಿಗಳಲ್ಲಿ ಈ ಪಂಪು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಬೇರೆ ನಾಯಿಗಳು ಸಲೀಸಾಗಿ ತಡೆದುಕೊಳ್ಳುವ ಪ್ರಮಾಣದ ಐವರ್ಮೆಕ್ಟಿನ್ ಎಂಬ ಹುಳುವಿನ ಔಷಧಿ ಕೊಟ್ಟರೂ ಅವು ತೂರಾಡಿ ಬೀಳುತ್ತವೆ, ಸತ್ತೂ ಹೋಗಬಹುದು.

ಮನುಷ್ಯನಲ್ಲಿ ಎಸ್‌ಎಲ್‌ಸಿ ಎಂಬ ಒಂದು ಗುಂಪಿನ ಸಾಗಣೆ ಪ್ರೋಟೀನುಗಳೇ 400ಕ್ಕೂ ಹೆಚ್ಚಿವೆ. ಸಕ್ಕರೆಯ ಅಣ್ಣ ತಮ್ಮ, ಲ್ಯಾಸಿಕ್ಸ್ ಹಿಡಿಯುವ ಬಾಗಿಲು, ಖಿನ್ನತೆಯ ಮಾತ್ರೆಗಳು ಹಿಡಿಯುವ ಸೆರೊಟೋನಿನ್ ಬಾಗಿಲು ಎಲ್ಲ ಇದರೊಳಗೇ. ಇವುಗಳಲ್ಲಿ ಮದ್ದು ಸಿಕ್ಕಿರುವುದು ಕೆಲವಕ್ಕೆ ಮಾತ್ರ. ಎಷ್ಟೋ ಬಾಗಿಲುಗಳು ಯಾವ ಸರಕನ್ನು ದಾಟಿಸುತ್ತವೆ ಎಂಬುದೇ ಯಾರಿಗೂ ತಿಳಿದಿಲ್ಲ. ಇವನ್ನು ಪೊರೆಯಿಂದ ಬಿಡಿಸಿ ತೆಗೆದರೆ ಮುದ್ದೆಯಾಗಿ ಕೆಟ್ಟುಹೋಗುತ್ತವೆ, ಅದೇ ದೊಡ್ಡ ತಲೆನೋವು. ಈಗ ಅವನ್ನು ತೆಳುವಾದ ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿಸಿ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎಂಪಾಗ್ಲಿಫ್ಲೋಜಿನ್ ಎಸ್‌ಜಿಎಲ್‌ಟಿ2ರ ಬಾಯಲ್ಲಿ ಸಕ್ಕರೆಯ ಜಾಗವನ್ನೇ ಹಿಡಿದು ಕೂತಿರುವ ಚಿತ್ರ ಹೀಗೆ ಸಿಕ್ಕಿತು. ಮಾತ್ರೆ ಅಂಗಡಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ! ಅಂಥ ಸೂಕ್ಷ್ಮದರ್ಶಕ ಬೆಂಗಳೂರಿನಲ್ಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರವಿಂದ ಪೆನ್ಮತ್ಸ ಅವರ ತಂಡ ನರಕೋಶಗಳ ಸಾಗಣೆ ಪ್ರೋಟೀನುಗಳ ಮೇಲೂ, ಬ್ಯಾಕ್ಟೀರಿಯಾಗಳು ಆ್ಯಂಟಿಬಯಾಟಿಕ್ ಹೊರದಬ್ಬುವ ಪಂಪುಗಳ ಮೇಲೂ ಕೆಲಸ ಮಾಡುತ್ತಿದೆ.

ಅಪ್ಪ ಇಷ್ಟನ್ನೂ ಒಂದೇ ಭಾನುವಾರ ಕೇಳಲಿಲ್ಲ. ಮೂರು ನಾಲ್ಕು ವಾರ ಹಿಡಿಯಿತು. ಈಗ ಪ್ಯಾಂಟೋಪ್ರಜೋಲ್ ಸ್ಟ್ರಿಪ್ ಆ ಏಳು ಖಾನೆಯ ಡಬ್ಬಿಯಲ್ಲಿಲ್ಲ. ಅಡುಗೆಮನೆಯ ಗೂಡಿನಲ್ಲಿ, ಕಾಫಿಪುಡಿ ಡಬ್ಬಿಯ ಮುಚ್ಚಳದ ಮೇಲೆ ಇರುತ್ತದೆ. ಅದನ್ನು ಎತ್ತದೆ ಬೆಳಗಿನ ಡಿಕಾಕ್ಷನ್ ಹಾಕಲು ಆಗುವುದಿಲ್ಲ.